ಅರವತ್ತರ ನಂತರ ಹೊರದೇಶದ ಸೇವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನಿವೃತ್ತಿಯ ನಂತರ ಮಿಷನರಿಗಳಾಗಿ ಹೊರದೇಶಕ್ಕೆ ಹೋಗಿ ಒಂದೆರಡು ವರ್ಷ ಸೇವೆ ಮಾಡುವ ಹಿರಿಯರ ಬದುಕಿನ ಬಗ್ಗೆ ಪ್ರಶ್ನೆಗಳನ್ನು ಬರೆದು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಕೊಟ್ಟಿದ್ದೇವೆ. ಬಳ್ಳಾರಿಯವರೇ ಆದ, ಪತಿಯೊಂದಿಗೆ ಪಶ್ಚಿಮ ಕೆನ್ಯಾದ ಕ್ರೈಸ್ತ ಸಭೆಯೊಂದರ (ಚರ್ಚಿನ) ಶಾಲೆ ಮತ್ತು ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸಿ ಬಂದ ನಿವೃತ್ತ ಶುಶ್ರೂಷಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಇಬ್ಬರೂ ಶಿಕ್ಷಕರಾಗಿ ನಿವೃತ್ತರಾಗಿದ್ದೇವೆ. ಆಫ್ರಿಕಾದ ಒಂದು ಸಭೆಯಿಂದ ನಮಗೆ ಕರೆ ಬಂದಿದೆ. ಅಲ್ಲಿ ಹಿರಿಯ ಮಿಷನರಿಗಳು ಬೆಳಗಿನಿಂದ ರಾತ್ರಿಯವರೆಗೆ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ದಯವಿಟ್ಟು ತಿಳಿಸಿ.
— ಸಿರುಗುಪ್ಪದ ಓದುಗರು

ಉತ್ತರ: ಅಕ್ಕನವರೇ, ಹೊರಡುವ ಮುನ್ನ ಬಹಳ ಜನ ಕೇಳದೆ ಬಿಡುವ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ. ಮಿಷನರಿ ಎಂದೊಡನೆ ಉಪದೇಶ, ಪ್ರಾರ್ಥನಾ ಕೂಟ, ಹಳ್ಳಿಯಿಂದ ಹಳ್ಳಿಗೆ ಹೋಗುವುದು ಇವೇ ನೆನಪಿಗೆ ಬರುತ್ತವೆ. ಹಿರಿಯರ ದಿನದಲ್ಲಿ ಇವಕ್ಕೆ ಸಿಗುವ ಹೊತ್ತು ಸ್ವಲ್ಪವೇ. ದಿನದ ಅರ್ಧದಷ್ಟು ಸಮಯ ನೀರು, ಅಡುಗೆ, ಔಷಧಿ, ಬಟ್ಟೆ, ವಿಶ್ರಾಂತಿ ಎಂದು ನಮ್ಮನ್ನು ನಾವು ನೋಡಿಕೊಳ್ಳುವುದಕ್ಕೇ ಹೋಗುತ್ತದೆ. ಇದನ್ನು ಸೇವೆಗೆ ಅಡ್ಡಿ ಎಂದುಕೊಂಡವರು ಆರು ತಿಂಗಳೊಳಗೆ ಬೇಸತ್ತು ಹೋಗುತ್ತಾರೆ. ಇದೂ ಸೇವೆಯ ಒಂದು ಪಾಲೇ ಎಂದು ಒಪ್ಪಿಕೊಂಡು ಹೋದವರು ತಮ್ಮ ಅವಧಿಯನ್ನು ನೆಮ್ಮದಿಯಿಂದ ಪೂರೈಸುತ್ತಾರೆ. ಈ ಸಂಚಿಕೆಯಲ್ಲಿ ನಾನು ಕೊಡುವ ಉಳಿದ ಉತ್ತರಗಳಿಗೂ ಈ ಮಾತೇ ಆಧಾರ.

ನಾವಿದ್ದ ಊರು ವಿಕ್ಟೋರಿಯಾ ಸರೋವರದ ದಡದ ಕಿಸುಮು ಪಟ್ಟಣದಿಂದ ಒಳಗಿನ ಒಂದು ಹಳ್ಳಿ. ಭೂಮಧ್ಯರೇಖೆಗೆ ತೀರ ಹತ್ತಿರವಾದ್ದರಿಂದ ವರ್ಷವಿಡೀ ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮವಾಗಿರುತ್ತವೆ. ಬೆಳಿಗ್ಗೆ ಆರೂವರೆಯ ಸುಮಾರಿಗೆ ಬೆಳಕಾಗಿ ಸಂಜೆ ಆರೂವರೆ ದಾಟುತ್ತಿದ್ದಂತೆ ಕತ್ತಲಾಗುತ್ತದೆ. ಏಳುತ್ತಿದ್ದಂತೆ ಮಾಡುವ ಮೊದಲ ಕೆಲಸ ಹಿಂದಿನ ರಾತ್ರಿ ಕುದಿಸಿ ಆರಿಸಿಟ್ಟ ನೀರನ್ನು ಸೋಸಿ ಬಾಟಲಿಗಳಿಗೆ ತುಂಬುವುದು, ಆ ದಿನಕ್ಕೆ ಬೇಕಾದ ನೀರನ್ನು ಮತ್ತೆ ಒಲೆಯ ಮೇಲಿಡುವುದು. ಗ್ಯಾಸ್ ಮುಗಿದರೆ ಇದ್ದಿಲ ಒಲೆ. ಅನಂತರ ಮಾತ್ರೆ, ತಿಂಡಿ, ಒಂದಿಷ್ಟು ಹೊತ್ತು ಬೈಬಲ್ ಪಠಣ ಮತ್ತು ಪ್ರಾರ್ಥನೆ. ಎಂಟು ಗಂಟೆಗೆ ಯಜಮಾನರು ಶಾಲೆಯ ಲೆಕ್ಕಪತ್ರ ನೋಡಲು ಹೋಗುತ್ತಿದ್ದರು, ನಾನು ಚಿಕಿತ್ಸಾಲಯಕ್ಕೆ.

ಅಲ್ಲಿ ನನ್ನ ಕೆಲಸ ಏನಾಗಿತ್ತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಹಿರಿಯರಿಂದ ಅಲ್ಲಿಯವರು ನಿರೀಕ್ಷಿಸುವುದೇನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲಸಿಕೆಗಳನ್ನು ಇಡುವ ಫ್ರಿಜ್ಜಿನ ತಾಪಮಾನ 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆ ಎರಡು ಬಾರಿ ನೋಡಿ ಹಾಳೆಯಲ್ಲಿ ಬರೆಯಬೇಕು. ಇದನ್ನು ಕಲಿಸಿಕೊಡುವ ಅಗತ್ಯ ಅಲ್ಲಿರಲಿಲ್ಲ. ಅಲ್ಲಿನ ಕಿರಿಯ ಶುಶ್ರೂಷಕಿಯರು ಅದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಆದರೆ ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಎರಡನೆಯದಕ್ಕೆ ಬಾರದ ಮಕ್ಕಳು ಯಾರೆಂದು ರಿಜಿಸ್ಟರಿನ ಹಳೆಯ ಪುಟಗಳನ್ನು ತಿರುವಿ ನೋಡಿ, ಹೆಸರು ಮತ್ತು ಹಳ್ಳಿಯ ಪಟ್ಟಿ ಮಾಡಿ, ತಾಯಂದಿರಿಗೆ ಫೋನ್ ಮಾಡಿಸಲು ಅವರಿಗೆ ಬಿಡುವೇ ಸಿಗುತ್ತಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಕುಳಿತು ಮಾಡುವ, ತಾಳ್ಮೆ ಬೇಡುವ, ಯಾರ ಕಣ್ಣಿಗೂ ಬೀಳದ ಕೆಲಸ ಅದು. ಹಿರಿಯರಿಗೆ ಬರುವ ಕೆಲಸಗಳು ಬಹುತೇಕ ಇಂಥವೇ: ಲೆಕ್ಕ ಬರೆಯುವುದು, ಗ್ರಂಥಾಲಯವನ್ನು ಜೋಡಿಸುವುದು, ಹಾಸ್ಟೆಲ್ ಮಕ್ಕಳ ಮೇಲ್ವಿಚಾರಣೆ, ಕಿರಿಯ ಶಿಕ್ಷಕರ ಪಾಠಕ್ಕೆ ಕುಳಿತು ಕೇಳಿ ಆಮೇಲೆ ಮಾತನಾಡುವುದು, ಹಣ ಕೊಟ್ಟ ಸಂಸ್ಥೆಗಳಿಗೆ ವರದಿ ಸಿದ್ಧಪಡಿಸುವುದು. ಬೇರೆ ಪಂಗಡಗಳಲ್ಲೂ ಹೀಗೆಯೇ ಇದೆ. ಉದಾಹರಣೆಗೆ, 1993ರಿಂದ ಬೆಂಗಳೂರಿನಲ್ಲಿ ಮಿಷನ್ ಕೇಂದ್ರವಿರುವ ಲ್ಯಾಟರ್-ಡೇ ಸೇಂಟ್ಸ್ ಸಭೆಯಲ್ಲಿ ಹಿರಿಯ ದಂಪತಿಗಳು ತಮ್ಮ ಸ್ವಂತ ಖರ್ಚಿನಲ್ಲಿ ಆರು ತಿಂಗಳಿನಿಂದ 23 ತಿಂಗಳವರೆಗೆ ಸೇವೆಗೆ ಹೋಗುತ್ತಾರೆ. ಯುವ ಮಿಷನರಿಗಳಿಗಿರುವ ಬಿಗಿಯಾದ ದಿನಚರಿ ಅವರಿಗಿಲ್ಲ, ಕಚೇರಿ ಕೆಲಸ, ಪರಿಹಾರ ಕಾರ್ಯಗಳಂಥವನ್ನು ಅವರಿಗೆ ವಹಿಸುತ್ತಾರೆ.

ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಬೇಕು, ಆಮೇಲೆ ಹೊರಗೆ ಹೋಗಬಾರದು ಎಂಬ ನಿಯಮವನ್ನು ಸ್ಥಳೀಯ ಸಭೆಯವರೇ ನಮಗೆ ಹಾಕಿದ್ದರು. ಸೊಳ್ಳೆಪರದೆಯನ್ನು ಹಾಸಿಗೆಯ ಸುತ್ತ ಸಿಕ್ಕಿಸಿ, ಕರೆಂಟ್ ಇದ್ದರೆ ಊರಿಗೆ ಫೋನ್, ಇಲ್ಲದಿದ್ದರೆ ನಿದ್ದೆ. ಆರಂಭದಲ್ಲಿ ಈ ದೀರ್ಘವಾದ ಸಂಜೆಗಳು ಭಾರವೆನಿಸುತ್ತವೆ. ಗಂಡ ಹೆಂಡತಿ ನಲವತ್ತು ವರ್ಷ ಒಟ್ಟಿಗಿದ್ದರೂ ನೌಕರಿಯ ದಿನಗಳಲ್ಲಿ ಹಗಲು ಬೇರೆ ಬೇರೆಯಾಗಿಯೇ ಕಳೆದಿರುತ್ತೇವೆ. ಅಲ್ಲಿ ಎರಡು ಕೋಣೆಯ ಮನೆಯಲ್ಲಿ ಮಾತನಾಡಲು ಇನ್ನೊಬ್ಬ ಕನ್ನಡಿಗರಿಲ್ಲದೆ ಸಂಜೆಯೆಲ್ಲ ಇಬ್ಬರೇ ಇರಬೇಕಾಗುತ್ತದೆ. ಹೋಗುವ ಮೊದಲೇ ನಿಮ್ಮ ಯಜಮಾನರು ಅನ್ನ, ಸಾರು, ಚಹಾ ಮಾಡುವುದನ್ನು ಕಲಿತುಕೊಳ್ಳಲಿ. ನಿಮಗೆ ಜ್ವರ ಬಂದ ದಿನ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ನನಗೆ 64 ವರ್ಷ. ರೈಲ್ವೆಯಿಂದ ನಿವೃತ್ತನಾಗಿದ್ದೇನೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ, ಮಾತ್ರೆಯಿಂದ ಹತೋಟಿಯಲ್ಲಿವೆ. ನಾನು ಹೋಗಬಹುದೇ? ಯಾವ ಎಚ್ಚರಿಕೆ ಬೇಕು?
— ರಾಯಚೂರಿನ ಓದುಗರು

ಉತ್ತರ: ಅಣ್ಣನವರೇ, ಹತೋಟಿಯಲ್ಲಿದ್ದರೆ ಹೋಗಬಹುದು, ನಾವು ಭೇಟಿಯಾದ ಹಿರಿಯ ಮಿಷನರಿಗಳಲ್ಲಿ ಯಾವ ಮಾತ್ರೆಯೂ ಇಲ್ಲದವರು ಅಪರೂಪ. ಆದರೆ ಹೋಗಬಹುದೋ ಬಾರದೋ ಎಂಬುದನ್ನು ನಿಮ್ಮ ಉತ್ಸಾಹ ತೀರ್ಮಾನಿಸದಿರಲಿ. ನಿಮ್ಮನ್ನು ವರ್ಷಗಳಿಂದ ನೋಡುತ್ತಿರುವ ವೈದ್ಯರಿಗೆ ನೀವು ಹೋಗುವ ಊರಿನಿಂದ ದೊಡ್ಡ ಆಸ್ಪತ್ರೆ ಎಷ್ಟು ಗಂಟೆಯ ದಾರಿ ಎಂಬುದನ್ನು ಹೇಳಿ, ಆಮೇಲೆ ಅವರ ಅಭಿಪ್ರಾಯ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ವರ್ಷವೂ ಆಗದವರು, ಕಾಲಿನ ಹುಣ್ಣು ಮಾಯದೆ ಇರುವ ಮಧುಮೇಹಿಗಳು ಹಳ್ಳಿಗಾಡಿನ ಸೇವೆಗೆ ಹೋಗಬಾರದು ಎಂಬುದು ಶುಶ್ರೂಷಕಿಯಾಗಿ ನನ್ನ ಖಚಿತ ಅಭಿಪ್ರಾಯ. ಅಂಥವರಿಗೆ ದೊಡ್ಡ ನಗರದ ಕಚೇರಿಯಲ್ಲೂ ಬೇಕಾದಷ್ಟು ಕೆಲಸವಿರುತ್ತದೆ.

ಔಷಧಿಗಳ ವಿಷಯ. ನಾವು ಇಲ್ಲಿ ಮಾತ್ರೆಯನ್ನು ಕಂಪನಿಯ ಹೆಸರಿನಿಂದ ಗುರುತಿಸುತ್ತೇವೆ, ಆ ಹೆಸರು ಅಲ್ಲಿನ ಔಷಧಿ ಅಂಗಡಿಯಲ್ಲಿ ಯಾರಿಗೂ ತಿಳಿಯದು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಎಂಬಂಥ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಂಡು, ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಮಾತ್ರೆಗಳು ಅವುಗಳ ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಿಕೊಂಡು ಹೋಗಬೇಡಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳ ಮೇಲೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಾದ ನಿರ್ಬಂಧವಿದೆ. ಮೊಣಕಾಲು ನೋವಿಗೆಂದು ಮನೆಯವರು ಬ್ಯಾಗಿನಲ್ಲಿ ಸೇರಿಸಿಟ್ಟದ್ದು ವಿಮಾನ ನಿಲ್ದಾಣದಲ್ಲಿ ತೊಂದರೆ ತರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಏಕೆಂದರೆ ಸಾಮಾನಿನ ಜಾಗದ ಚಳಿಗೆ ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಆಫ್ರಿಕಾದ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇಕಾಗುತ್ತದೆ. ಅದನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರುವುದೇ ರೂಢಿ. ಹಾಕಿಸಿಕೊಂಡ ಹತ್ತು ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಅದಿಲ್ಲದೆ ಕೆನ್ಯಾದಂಥ ದೇಶದಿಂದ ಭಾರತಕ್ಕೆ ಮರಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆದರೆ 60 ದಾಟಿದವರು ಒಂದು ಸಂಗತಿಯನ್ನು ತಿಳಿದಿರಬೇಕು: ಇದು ಜೀವಂತ ವೈರಸ್ಸಿನ ಲಸಿಕೆ, ಈ ವಯಸ್ಸಿನಲ್ಲಿ ಮೊದಲ ಬಾರಿ ಹಾಕಿಸಿಕೊಂಡಾಗ ತೀವ್ರ ಅಡ್ಡಪರಿಣಾಮಗಳು ಅಪರೂಪವೇ ಆದರೂ ಕಿರಿಯರಿಗಿಂತ ಹೆಚ್ಚು. ಆದ್ದರಿಂದ ಟಿಕೆಟ್ ತೆಗೆಸಿದ ಮೇಲೆ ಅವಸರದಲ್ಲಿ ಹೋಗದೆ, ನಿಮ್ಮ ಆರೋಗ್ಯದ ಕಾಗದಗಳನ್ನು ಲಸಿಕಾ ಕೇಂದ್ರದ ವೈದ್ಯರ ಮುಂದಿಟ್ಟು ಮೊದಲೇ ಮಾತನಾಡಿ.

ಮಲೇರಿಯಾ ಇರುವ ಊರಾದರೆ ತಡೆ ಮಾತ್ರೆ ಯಾವುದು, ನೀವು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳೊಂದಿಗೆ ಅದು ಹೊಂದುತ್ತದೆಯೇ ಎಂದು ಕೇಳಿ. ಒಂದೇ ದೇಶದಲ್ಲೂ ಇದು ಬದಲಾಗುತ್ತದೆ: ಸುಮಾರು 1,800 ಮೀಟರ್ ಎತ್ತರದಲ್ಲಿರುವ ನೈರೋಬಿಯಲ್ಲಿ ಮಲೇರಿಯಾದ ಭಯ ಕಡಿಮೆ, ಬದಲಿಗೆ ಜುಲೈ ತಿಂಗಳ ಚಳಿಗೆ ಬಳ್ಳಾರಿ ರಾಯಚೂರಿನ ಮೈ ನಡುಗುತ್ತದೆ, ಸರೋವರದ ದಡದ ತಗ್ಗು ಪ್ರದೇಶದಲ್ಲಿ ವರ್ಷವಿಡೀ ಮಲೇರಿಯಾ ಇರುತ್ತದೆ. ಇನ್ನು ವಿಮೆ. ಪ್ರವಾಸಿಗರಿಗೆ ಮಾರುವ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗಳನ್ನು ಹೊರಗಿಡುವುದು ಸಾಮಾನ್ಯ, ಮತ್ತು ಅನೇಕ ಪಾಲಿಸಿಗಳು ಕೆಲವೇ ತಿಂಗಳಿಗೆ ಸೀಮಿತ. ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡರೆ ಆಸ್ಪತ್ರೆಗೆ ಸೇರಿದ ದಿನ ಅದು ಕೈಕೊಡುತ್ತದೆ. ಕಳುಹಿಸುವ ಸಂಸ್ಥೆ ಯಾವ ವಿಮೆ ಮಾಡಿಸುತ್ತದೆ, ತುರ್ತು ಸಂದರ್ಭದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬಾರದ ಹೊರತು ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಊಟದ್ದೇ ಚಿಂತೆ. ರೊಟ್ಟಿ ಇಲ್ಲದೆ ನಮ್ಮವರಿಗೆ ಊಟ ಇಳಿಯುವುದಿಲ್ಲ.
— ಗಂಗಾವತಿಯ ಓದುಗರು

ಉತ್ತರ: ತಂಗೀ, ಪೂರ್ವ ಆಫ್ರಿಕಾ ಆದರೆ ಈ ಚಿಂತೆ ಬಿಡಿ. ಜೋಳ ಮೂಲತಃ ಆಫ್ರಿಕಾದ್ದೇ ಧಾನ್ಯ, ಅಲ್ಲಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದದ್ದು. ಅಲ್ಲಿನ ಸಂತೆಗಳಲ್ಲಿ ಸಿಗುವುದು ಹೆಚ್ಚಾಗಿ ಕೆಂಪು ಜೋಳ, ಹಿಟ್ಟಿಗೆ ನಮ್ಮ ಮಾಲ್ದಂಡಿಯಷ್ಟು ಜಿಗುಟು ಇರುವುದಿಲ್ಲ. ಬಿಸಿನೀರು ಹಾಕಿ ಚೆನ್ನಾಗಿ ನಾದಿ ಸಣ್ಣ ಸಣ್ಣದಾಗಿ ಬಡಿದರೆ ಅಂಚು ಸೀಳಿದರೂ ರೊಟ್ಟಿ ಆಗುತ್ತದೆ. ಅವರು ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಉಗಾಲಿ ನಮ್ಮ ಮುದ್ದೆಯ ಜಾತಿಯದು, ಜೊತೆಗೆ ಸುಕುಮಾ ಎಂಬ ಸೊಪ್ಪಿನ ಪಲ್ಯ. ಯಜಮಾನರಿಗೆ ಅದು ಬೇಗ ಹಿಡಿಸಿತು. ಸರೋವರದ ಮೀನು ತಿನ್ನುವವರಿಗಂತೂ ಯಾವ ಕೊರತೆಯೂ ಇಲ್ಲ. ತೊಗರಿಬೇಳೆ, ಇಂಗು, ಸಾಸಿವೆ ಮುಂತಾದವು ಪಟ್ಟಣಗಳ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತವೆ. 1896ರಿಂದ 1901ರವರೆಗೆ ಅಲ್ಲಿ ರೈಲು ದಾರಿ ಹಾಕಿದಾಗ ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು ಹೋಗಿದ್ದರು, ಅವರ ಹಿಂದೆ ವ್ಯಾಪಾರಿಗಳು ಹೋಗಿ ನೆಲೆಸಿದರು. ಸೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುಣಸೆಹಣ್ಣು ಇಷ್ಟನ್ನು ಭದ್ರವಾಗಿ ಕಟ್ಟಿಕೊಂಡು ಹೋಗಿ. ರೊಟ್ಟಿ ಹಂಚು ಕೂಡ.

ಪ್ರಶ್ನೆ: ನನ್ನ ತಾಯಿ 66ನೇ ವಯಸ್ಸಿನಲ್ಲಿ ಸೇವೆಗೆಂದು ಹೊರದೇಶಕ್ಕೆ ಹೋಗಿದ್ದಾರೆ. ಫೋನ್ ಮಾಡಿದಾಗಲೆಲ್ಲ “ಚೆನ್ನಾಗಿದ್ದೇನೆ” ಎನ್ನುತ್ತಾರೆ, ಆದರೆ ದನಿ ಸೋತಂತಿರುತ್ತದೆ. ಇಲ್ಲಿಯ ಕಷ್ಟಗಳನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ನಮಗೂ ತಿಳಿಯುತ್ತಿಲ್ಲ.
— ಕೊಪ್ಪಳದ ಓದುಗರು

ಉತ್ತರ: ತಮ್ಮಾ, ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲೆಂದು ಸುಳ್ಳು ಹೇಳತೊಡಗಿದರೆ ಫೋನಿನಿಂದ ಯಾವ ಪ್ರಯೋಜನವೂ ಇಲ್ಲ. ದಯವಿಟ್ಟು ಎಲ್ಲವನ್ನೂ ಹೇಳಿ. ಅತ್ತಿಗೆಗೆ ಆಪರೇಷನ್ ಆಯಿತು, ಈ ಸಲ ನಾಲೆಗೆ ನೀರು ತಡವಾಗಿ ಬಂತು, ಮೊಮ್ಮಗ ಗಣಿತದಲ್ಲಿ ಹಿಂದೆ ಬಿದ್ದಿದ್ದಾನೆ, ಎಲ್ಲವನ್ನೂ. ಮನೆಯ ಸಂಗತಿಗಳಿಂದ ಹೊರಗಿಡಲಾಗಿದೆ ಎಂದು ಅನ್ನಿಸತೊಡಗಿದಾಗಲೇ ಹಿರಿಯರಿಗೆ ತಾವು ದೂರವಾಗಿದ್ದೇವೆ ಎಂಬ ನೋವು ಹತ್ತುತ್ತದೆ. ಕರೆ ಮಾಡುವ ಹೊತ್ತನ್ನು ವಾರಕ್ಕೆ ಇಂಥ ದಿನ, ಇಂಥ ಗಂಟೆ ಎಂದು ಗೊತ್ತುಮಾಡಿಕೊಳ್ಳಿ. ಪೂರ್ವ ಆಫ್ರಿಕಾ ನಮಗಿಂತ ಎರಡೂವರೆ ಗಂಟೆ ಹಿಂದೆ ಇರುವುದರಿಂದ ಅಲ್ಲಿ ಸಂಜೆ ಆರಾದಾಗ ಇಲ್ಲಿ ರಾತ್ರಿ ಎಂಟೂವರೆ; ಊಟ ಮುಗಿಸಿ ಮಕ್ಕಳೂ ಕುಳಿತು ಮಾತನಾಡಬಹುದು. ಅಮೆರಿಕದಂಥ ದೂರದ ದೇಶವಾದರೆ ಅವರ ಬೆಳಗು ನಮ್ಮ ಸಂಜೆ ಎಂದು ಲೆಕ್ಕ ಹಾಕಿಕೊಳ್ಳಬೇಕು.

“ಚೆನ್ನಾಗಿದ್ದೀರಾ” ಎಂದು ಕೇಳಿದರೆ “ಚೆನ್ನಾಗಿದ್ದೇನೆ” ಎಂಬ ಉತ್ತರವೇ ಬರುತ್ತದೆ. ಇವತ್ತು ಏನು ಅಡುಗೆ, ಬಿಪಿ ಎಷ್ಟಿತ್ತು, ಮಾತ್ರೆ ಇನ್ನು ಎಷ್ಟು ದಿನಕ್ಕೆ ಇದೆ, ನಿನ್ನೆ ಯಾರ ಮನೆಗೆ ಹೋಗಿದ್ದಿರಿ ಎಂದು ಕೇಳಿ. ಮೂರು ವಾರ ಯಾರ ಮನೆಗೂ ಹೋಗಿಲ್ಲ, ಯಾರೂ ಬಂದಿಲ್ಲ ಎಂದಾದರೆ ಅದು ಎಚ್ಚರಿಕೆಯ ಮಾತು; ಅಲ್ಲಿನ ಸಭೆಯ ಹಿರಿಯರೊಬ್ಬರ ಫೋನ್ ನಂಬರನ್ನು ನೀವು ಮೊದಲೇ ಪಡೆದಿಟ್ಟುಕೊಂಡಿರಬೇಕು, ಅವರಿಗೆ ವಿನಯದಿಂದ ವಿಷಯ ತಿಳಿಸಬಹುದು. “ಯಾವಾಗ ಬರುತ್ತೀರಿ” ಎಂದು ಪ್ರತಿ ಸಲವೂ ಕೇಳುವುದನ್ನು ಮಾತ್ರ ಬಿಡಿ, ಅದು ಕೆಲಸದ ನಡುವೆ ಅವರ ಮನಸ್ಸನ್ನು ಕೀಳುತ್ತದೆ.

ಇನ್ನೊಂದನ್ನೂ ಹೇಳಬೇಕು, ಹೇಳಲು ಕಷ್ಟವಾದರೂ. ಅವರು ಅಲ್ಲಿರುವಾಗ ಇಲ್ಲಿ ಸಾವು ಸಂಭವಿಸಬಹುದು. ನಾವು ಅಲ್ಲಿದ್ದಾಗ ನನ್ನ ಅಣ್ಣ ತೀರಿಕೊಂಡರು. ಹಳ್ಳಿಯಿಂದ ಹೊರಟು, ವಿಮಾನಗಳನ್ನು ಬದಲಿಸಿ ಬಳ್ಳಾರಿ ಸೇರುವ ಹೊತ್ತಿಗೆ ಮಣ್ಣು ಮುಗಿದುಹೋಗುತ್ತಿತ್ತು, ಹೋಗದಿರಲು ನಿರ್ಧರಿಸಿದೆ. ಆ ದಿನ ಸಂಜೆ ಆ ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಅಂಗಳದಲ್ಲಿ ಕುಳಿತರು, ತಮ್ಮ ಮನೆಯ ಸಾವಿಗೆ ಹಾಡುವ ಹಾಡುಗಳನ್ನು ಹಾಡಿದರು, ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ನಾನು ಅವರಿಗೆ ಮಾಡಿದ್ದಕ್ಕಿಂತ ಅವರು ನನಗೆ ಮಾಡಿದ್ದು ದೊಡ್ಡದು. ಹೊರಡುವ ಮೊದಲೇ ಕುಟುಂಬದವರೆಲ್ಲ ಕುಳಿತು, ಯಾರು ತೀರಿಕೊಂಡರೆ ಬರಬೇಕು, ಟಿಕೆಟ್ಟಿನ ಹಣ ಎಲ್ಲಿದೆ, ಹೋದವರೇ ಅಲ್ಲಿ ತೀರಿಕೊಂಡರೆ ಅಲ್ಲೇ ಮಣ್ಣು ಮಾಡಬೇಕೋ ದೇಹವನ್ನು ತರಿಸಬೇಕೋ ಎಂಬುದನ್ನು ಮಾತನಾಡಿ ಬರೆದಿಡುವುದು ಒಳ್ಳೆಯದು. ದೇಹ ತರಿಸುವುದಕ್ಕೆ ಆ ದೇಶದ ಮರಣಪತ್ರ, ಭಾರತೀಯ ದೂತಾವಾಸದ ಪತ್ರ, ಸಾಗಣೆ ಇವಕ್ಕೆಲ್ಲ ದಿನಗಳೂ ಹಣವೂ ಹಿಡಿಯುತ್ತವೆ. ನಾವಿಬ್ಬರೂ ಅಲ್ಲೇ ಆಗಲಿ ಎಂದು ಬರೆದುಕೊಟ್ಟಿದ್ದೆವು. ನಿಮ್ಮ ತಾಯಿಯವರೊಂದಿಗೆ ಈ ಮಾತು ಇನ್ನೂ ಆಗಿಲ್ಲದಿದ್ದರೆ ಈಗಲಾದರೂ ಕೇಳಿ. ಅವರು ನೊಂದುಕೊಳ್ಳುವುದಿಲ್ಲ, ಬಹುಶಃ ನೀವು ಕೇಳಲೆಂದೇ ಕಾಯುತ್ತಿರುತ್ತಾರೆ.

ಪ್ರಶ್ನೆ: ನಮ್ಮ ಜಿಲ್ಲೆಯನ್ನೇ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಇಲ್ಲಿ ಇಷ್ಟು ಕೆಲಸ ಇರುವಾಗ ನಮ್ಮ ಹಿರಿಯರು ಹೊರದೇಶಕ್ಕೆ ಏಕೆ ಹೋಗಬೇಕು?
— ಸಿಂಧನೂರಿನ ಓದುಗರು

ಉತ್ತರ: ಇದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. 2018ರಲ್ಲಿ ಆರಂಭವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಯೋಜನೆಯಲ್ಲಿ ರಾಯಚೂರು ಇರುವುದು ನಿಜ. ಇಲ್ಲಿನ ಶಾಲೆಗೆ, ಇಲ್ಲಿನ ಹಾಸ್ಟೆಲಿಗೆ ನಿವೃತ್ತರೊಬ್ಬರು ದಿನಕ್ಕೆರಡು ಗಂಟೆ ಕೊಟ್ಟರೆ ಅದು ಹೊರದೇಶದ ಸೇವೆಗಿಂತ ಕಡಿಮೆಯಾದುದಲ್ಲ, ಅನೇಕರಿಗೆ ಅದೇ ಸರಿಯಾದ ದಾರಿ. ಯಾವುದೇ ಸಭೆ ಇಂಥ ಕೆಲಸಕ್ಕೆ, ಇಷ್ಟು ಕಾಲಕ್ಕೆ ಬನ್ನಿ ಎಂದು ಕರೆಯದೆ, ವಿದೇಶ ನೋಡಿದಂತೆಯೂ ಆಯಿತು ಸೇವೆಯೂ ಆಯಿತು ಎಂದು ಹೊರಡುವುದನ್ನು ನಾನು ಒಪ್ಪುವುದಿಲ್ಲ.

ಆದರೆ ನಾವು ಬದುಕಿರುವ ಊರುಗಳ ಚರಿತ್ರೆಯನ್ನೂ ನೋಡಬೇಕು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಇಂಗ್ಲೆಂಡಿನಿಂದ ಹಡಗು ಆಫ್ರಿಕಾವನ್ನು ಸುತ್ತಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು, ಪತ್ರಕ್ಕೂ ಅಷ್ಟೇ. ಹ್ಯಾಂಡ್ಸ್ ಇಲ್ಲಿ ಕುಳಿತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು, ಅವರ ಸಹೋದ್ಯೋಗಿ ವಿಲಿಯಂ ರೀವ್ ನಿಘಂಟು ಸಿದ್ಧಪಡಿಸಿದರು. 1846ರಲ್ಲಿ ಆರಂಭವಾದ ವಾರ್ಡ್ಲಾ ಶಾಲೆಯಲ್ಲಿ ಕಲಿತವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಳ್ಳಾರಿಯಲ್ಲಿದ್ದಾರೆ. ಆ ಮಿಷನರಿಗಳ ದೇಶದಲ್ಲೂ ಆಗ ಬಡತನವಿತ್ತು. ಬರೀ ಪಡೆದುಕೊಳ್ಳುವ ಸಭೆಯಾಗಿ ಉಳಿಯಬಾರದು ಎಂಬ ಯೋಚನೆ ಭಾರತೀಯರಿಗೆ ಬಂದು ಶತಮಾನ ದಾಟಿದೆ: ವಿ. ಎಸ್. ಅಜರಯ್ಯ ಮತ್ತು ಅವರ ಸಂಗಡಿಗರು 1903ರಲ್ಲಿ ತಿರುನೆಲ್ವೇಲಿಯಲ್ಲಿ, ಮತ್ತೆ 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ಭಾರತೀಯರದೇ ಮಿಷನರಿ ಸಂಘಗಳನ್ನು ಕಟ್ಟಿದರು, ಹಣವೂ ಜನವೂ ಆಡಳಿತವೂ ಭಾರತೀಯರದೇ ಆಗಿರಬೇಕೆಂದು ನಿಶ್ಚಯಿಸಿದರು.

ಹಳೆಯ ಕಾಲಕ್ಕೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದು ಒಳ್ಳೆಯ ವ್ಯತ್ಯಾಸ. ಆಗ ಹೊರಗಿನಿಂದ ಬಂದವರೇ ಮುಖ್ಯಸ್ಥರು. ಈಗ ಕೆನ್ಯಾದಲ್ಲಾಗಲಿ ಬೇರೆಲ್ಲಾಗಲಿ ಸಭೆ ಅಲ್ಲಿಯವರದು, ಸಭಾಪಾಲಕರು ಅಲ್ಲಿಯವರು. ನಮ್ಮ ಮಗನ ವಯಸ್ಸಿನ ಮುಖ್ಯೋಪಾಧ್ಯಾಯರ ಕೈಕೆಳಗೆ ನಾವು ಕೆಲಸ ಮಾಡಬೇಕು. ಇಲ್ಲಿ ಮೂವತ್ತು ವರ್ಷ ಅಧಿಕಾರ ನಡೆಸಿದವರಿಗೆ ಮಲೇರಿಯಾಕ್ಕಿಂತ ಇದೇ ಕಠಿಣ. ಅಲ್ಲಿಯವರು ವಯಸ್ಸಿಗೆ ಮರ್ಯಾದೆ ಕೊಡುವ ಜನ: ಕುರ್ಚಿ ತಂದಿಡುತ್ತಾರೆ, ಮೊದಲು ಮಾತನಾಡಲು ಹೇಳುತ್ತಾರೆ, ಎದುರು ಮಾತನಾಡುವುದಿಲ್ಲ. ಆ ಮೌನವನ್ನು ಒಪ್ಪಿಗೆ ಎಂದು ತಿಳಿದು ತಮ್ಮ ರೀತಿಯನ್ನೇ ಹೇರಿದ ಹಿರಿಯರು ಹೋದ ಮೇಲೆ ಅವರು ಮಾಡಿದ್ದೆಲ್ಲ ಮೂಲೆ ಸೇರುತ್ತದೆ. ನನ್ನ ಯಜಮಾನರು ಮೊದಲ ಮೂರು ತಿಂಗಳು ಲೆಕ್ಕದ ಪುಸ್ತಕದ ಒಂದು ಗೆರೆಯನ್ನೂ ಬದಲಿಸದೆ ಅವರ ಪದ್ಧತಿಯಲ್ಲೇ ಬರೆದರು. ಆಮೇಲೆ ಶಾಲೆಯವರೇ ಬಂದು, ಫೀಸಿನ ಬಾಕಿಯನ್ನು ಬೇರೆ ರೀತಿಯಲ್ಲಿ ಬರೆಯಬಹುದೇ ಎಂದು ಕೇಳಿದರು.

ಪ್ರಶ್ನೆ: ಪಿಂಚಣಿ, ಮನೆ, ಬ್ಯಾಂಕ್ ಇವನ್ನೆಲ್ಲ ಹೇಗೆ ನಿಭಾಯಿಸುವುದು?
— ಬಳ್ಳಾರಿಯ ಓದುಗರು

ಉತ್ತರ: ಎಲ್ಲಕ್ಕಿಂತ ಮೊದಲು ನಿಮ್ಮ ಮೊಬೈಲ್ ಸಿಮ್. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಹೊರಡುವ ಮುನ್ನವೇ ಹೊರದೇಶದಲ್ಲೂ ಮೆಸೇಜ್ ಬರುವಂತೆ ರೋಮಿಂಗ್ ಮಾಡಿಸಿ, ರೀಚಾರ್ಜ್ ನಿಂತುಹೋಗದಂತೆ ಮನೆಯಲ್ಲಿ ಒಬ್ಬರಿಗೆ ಜವಾಬ್ದಾರಿ ವಹಿಸಿ. ನಂಬರು ರದ್ದಾದರೆ ಖಾತೆಯಲ್ಲಿ ಹಣವಿದ್ದರೂ ಕೈಗೆ ಸಿಗದು. ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ಕೊಡುವ ಜೀವಂತ ಪ್ರಮಾಣಪತ್ರವನ್ನು ಹೊರದೇಶದಲ್ಲಿದ್ದಾಗ ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಕೊಡಬಹುದು. 2014ರಲ್ಲಿ ಬಂದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಗೆ ಈಗ ಮೊಬೈಲಿನಲ್ಲೇ ಮುಖ ತೋರಿಸಿ ದೃಢಪಡಿಸುವ ಸೌಲಭ್ಯವೂ ಇದೆ. ನಿಮ್ಮ ಇಲಾಖೆ ಮತ್ತು ಬ್ಯಾಂಕು ಇವುಗಳಲ್ಲಿ ಯಾವುದನ್ನು ಒಪ್ಪುತ್ತವೆ ಎಂದು ಹೋಗುವ ಮುನ್ನ ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಿ. ವರ್ಷದಲ್ಲಿ ಎಷ್ಟು ದಿನ ದೇಶದ ಹೊರಗಿರುತ್ತೀರಿ ಎಂಬುದರ ಮೇಲೆ ತೆರಿಗೆಯ ಲೆಕ್ಕವೂ ಬದಲಾಗುತ್ತದೆ, ಆಡಿಟರ್ ಒಬ್ಬರನ್ನು ಕಾಣುವುದು ಅಗತ್ಯ.

ಮನೆಯನ್ನು ಬೀಗ ಹಾಕಿ ಬಿಡಬೇಡಿ. ಜೆಸ್ಕಾಂ ಕರೆಂಟ್ ಬಿಲ್ಲು, ನಲ್ಲಿ ಬಿಲ್ಲು, ಕಂದಾಯ ಇವನ್ನು ಕಟ್ಟಲು, ಬಾಡಿಗೆದಾರರೊಂದಿಗೆ ವ್ಯವಹರಿಸಲು ನಂಬಿಕೆಯ ಒಬ್ಬರಿಗೆ ಅಧಿಕಾರ ಪತ್ರ ಮಾಡಿಕೊಡಿ. ಆದರೆ ಅದರಲ್ಲಿ ಆಸ್ತಿ ಮಾರುವ ಅಧಿಕಾರವನ್ನು ಸೇರಿಸಬೇಡಿ. ಉಯಿಲು ಬರೆದಿಟ್ಟೇ ಹೊರಡಿ. ಕ್ರೈಸ್ತರ ಉತ್ತರಾಧಿಕಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ, ಉಯಿಲು ಇಲ್ಲದಿದ್ದರೆ ಪಾಲು ಆ ಕಾಯ್ದೆಯ ಪ್ರಕಾರವೇ ಆಗುತ್ತದೆ. ಅಲ್ಲಿನ ದಿನನಿತ್ಯದ ಖರ್ಚಿಗೆ ಕೆನ್ಯಾದಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ 2007ರಿಂದ ಇದೆ, ಸೊಪ್ಪು ಮಾರುವವರೂ ಅದರಲ್ಲೇ ಹಣ ಪಡೆಯುತ್ತಾರೆ. ಗುಪ್ತಸಂಖ್ಯೆಯನ್ನು ಮಾತ್ರ ಯಾರಿಗೂ ಹೇಳಬಾರದು.

ಪ್ರಶ್ನೆ: ನಾನು ಒಂಟಿ. ಪತಿ ತೀರಿಕೊಂಡು ಕೆಲವು ವರ್ಷಗಳಾದವು. ದಂಪತಿಗಳನ್ನು ಮಾತ್ರ ಕರೆಯುತ್ತಾರೆಯೇ? ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ.
— ಸಂಡೂರಿನ ಓದುಗರು

ಉತ್ತರ: ಅಕ್ಕಾ, ಒಂಟಿ ಹೆಂಗಸರನ್ನೂ ಕರೆಯುತ್ತಾರೆ. ಇನ್ನೊಬ್ಬ ಸಹೋದರಿಯೊಂದಿಗೆ ಒಂದೇ ಮನೆಯಲ್ಲಿ ಇರಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳಿ. ಒಬ್ಬರೇ ಒಂದು ಮನೆಯಲ್ಲಿರಬೇಕು ಎಂದರೆ ಒಪ್ಪಬೇಡಿ. ಇಂಗ್ಲಿಷ್ ಕಡಿಮೆ ಇದ್ದರೆ ಲೆಕ್ಕ, ವರದಿಯ ಕೆಲಸ ಕಷ್ಟವಾದೀತು, ಆದರೆ ಹೊಲಿಗೆ, ಅಡುಗೆಮನೆಯ ಮೇಲ್ವಿಚಾರಣೆ, ಶಿಶುಗಳ ಆರೈಕೆ ಇಂಥವಕ್ಕೆ ಅಡ್ಡಿಯಿಲ್ಲ. ಸ್ಥಳೀಯ ಭಾಷೆಯಲ್ಲಿ ವಂದನೆಗಳನ್ನು ಚೆನ್ನಾಗಿ ಕಲಿತರೆ ಅರ್ಧ ಬಾಗಿಲು ತೆರೆದಂತೆ, ಏಕೆಂದರೆ ಅಲ್ಲಿ ಮನೆಯವರು, ಮಕ್ಕಳು, ಬೆಳೆ ಎಲ್ಲವನ್ನೂ ವಿಚಾರಿಸದೆ ಕೆಲಸದ ಮಾತು ಎತ್ತುವುದೇ ಒರಟುತನ. ಒಂದು ಸಂಗತಿ ಗಮನದಲ್ಲಿರಲಿ: ಸ್ವಾಹಿಲಿ ಆಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅವರಿಗೆ ಒಂದನೇ ಗಂಟೆ. ಮೂರು ಗಂಟೆಗೆ ಬನ್ನಿ ಎಂದರೆ ಬೆಳಗಿನ ಒಂಬತ್ತೋ ಮಧ್ಯಾಹ್ನದ ಮೂರೋ ಎಂದು ಕೇಳಿಯೇ ಹೊರಡಿ.

ಪ್ರಶ್ನೆ: ಅವಧಿ ಮುಗಿಯುವ ಮೊದಲೇ ಹಿಂದಿರುಗಬೇಕಾಗಿ ಬಂದರೆ ಅದು ಸೋಲೇ?
— ಕುರುಗೋಡಿನ ಓದುಗರು

ಉತ್ತರ: ಖಂಡಿತ ಅಲ್ಲ. ಮೊದಲ ಸಲ ಹೋಗುವವರು ಆರು ತಿಂಗಳು ಅಥವಾ ಒಂದು ವರ್ಷಕ್ಕೆ ಮಾತ್ರ ಒಪ್ಪಿಕೊಂಡು, ದೇಹ ಸಹಕರಿಸಿದರೆ ಮುಂದುವರಿಸುವುದು ಒಳ್ಳೆಯದು ಎಂಬುದು ನನ್ನ ಸಲಹೆ. ಇಬ್ಬರಲ್ಲಿ ಒಬ್ಬರ ಆರೋಗ್ಯ ಕೆಟ್ಟರೂ ಇಬ್ಬರೂ ಹೊರಡುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ನಿಮ್ಮ ಕೆಲಸವನ್ನು ಅಲ್ಲಿನ ಒಬ್ಬರಿಗೆ ಮೊದಲ ತಿಂಗಳಿನಿಂದಲೇ ಕಲಿಸುತ್ತ ಬಂದರೆ ಯಾವ ದಿನ ಹೊರಟರೂ ಕೆಲಸ ನಿಲ್ಲುವುದಿಲ್ಲ. ನಾನು ಮಾಡುತ್ತಿದ್ದ ಲಸಿಕೆಯ ಪಟ್ಟಿಯನ್ನು ಈಗ ಅಲ್ಲಿನ ಕಿರಿಯ ಶುಶ್ರೂಷಕಿಯೊಬ್ಬಳು ಮೊಬೈಲಿನಲ್ಲಿ ಮಾಡುತ್ತಾಳೆ, ನನಗಿಂತ ಬೇಗ ಮಾಡುತ್ತಾಳೆ.

ಹಿಂದಿರುಗಿದ ಮೇಲೆ ಒಂದು ಎಚ್ಚರಿಕೆ. ಬಂದ ನಂತರ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ, ನಮ್ಮೂರಿನ ವೈದ್ಯರು ಕೇಳದಿದ್ದರೂ, ಇಂಥ ದೇಶದಲ್ಲಿದ್ದು ಬಂದಿದ್ದೇನೆ ಎಂದು ನೀವಾಗಿಯೇ ಹೇಳಿ ಅದೇ ದಿನ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ತಡೆ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಊರಿಗೆ ಬಂದ ಮೇಲೂ ನುಂಗಬೇಕು, ಮನೆ ಸೇರಿದೆವೆಂದು ನಿಲ್ಲಿಸಬಾರದು.